ಮಳೆಗಾಲ ಕಳೆದ ಮೇಲೆ ಟ್ಯೂಬ್ ಆಂಪ್‌ಗೆ ಕರೆಂಟ್ ಕೊಡುವ ಮುನ್ನ

ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಆರಿದ್ರೆಯಿಂದ ಆಶ್ಲೇಷದವರೆಗೆ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅದೇ ಮನೆಯ ಮೂಲೆಯಲ್ಲಿ ನಾಲ್ಕು ತಿಂಗಳು ಸುಮ್ಮನೆ ಕೂತ, ಗಾಜಿನ ಟ್ಯೂಬ್ (ವಾಲ್ವ್) ಬಳಸುವ ಹಳೆಯ ಗಿಟಾರ್ ಆಂಪ್ ಒಳಗೆ ಏನಾಗಿರುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆನ್ ಮಾಡಿದರೆ ಚಟಪಟ ಸದ್ದು, ವಾಲ್ಯೂಮ್ ತಿರುಗಿಸಿದಾಗ ಪರಪರ, ಹತ್ತು ನಿಮಿಷಕ್ಕೆ ಪವರ್ ಟ್ಯೂಬಿನ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಾಗುವುದು. ಆಗ ಹೆಚ್ಚಿನವರು ಟ್ಯೂಬ್ ಬದಲಿಸುತ್ತಾರೆ, ಆಮೇಲೆ ಕೆಪಾಸಿಟರ್ ಬದಲಿಸುತ್ತಾರೆ. ಮಲೆನಾಡಿನಲ್ಲಿ ಈ ಕ್ರಮವೇ ತಪ್ಪು. ಮೊದಲು ಒಣಗಿಸಬೇಕು, ಆಮೇಲೆ ಅಳೆಯಬೇಕು, ಬಿಡಿಭಾಗದ ಮಾತು ಕೊನೆಗೆ.

ಕಾರಣ ಬೋರ್ಡಿನಲ್ಲಿದೆ. 1960ರ ದಶಕದ ಫೆಂಡರ್ ಆಂಪ್‌ಗಳಲ್ಲಿ ರೆಸಿಸ್ಟರ್, ಕೆಪಾಸಿಟರ್‌ಗಳು ಕೂತಿರುವುದು ಕಪ್ಪು ಫೈಬರ್ ಹಲಗೆಯ ಮೇಲೆ. ಅದು ಕಾಗದದ ನಾರಿನಿಂದ ಮಾಡಿದ್ದು. ಮೇಲೆ ಮೇಣ ಹಚ್ಚಿದ್ದರೂ ವರ್ಷಗಳು ಕಳೆದಂತೆ ನೀರಿನ ಪಸೆ ಹೀರುತ್ತದೆ, ಪಸೆ ಹೀರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕರೆಂಟ್ ಹರಿಸುತ್ತದೆ. ಲೆಕ್ಕ ನೋಡಿ: 12ಎಎಕ್ಸ್7 ಎಂಬ ಪ್ರಿಆಂಪ್ ಟ್ಯೂಬಿನಲ್ಲಿ ಸಿಗ್ನಲ್ ಒಳಬರುವ ತುದಿಯಾದ ಗ್ರಿಡ್‌ನಿಂದ ಗ್ರೌಂಡ್‌ಗೆ 1 ಮೆಗಾ ಓಮ್ ಇದೆ, ಪಕ್ಕದ ಐಲೆಟ್‌ನಲ್ಲಿ (ಹಲಗೆಯಲ್ಲಿ ತಂತಿ ಬೆಸೆಯುವ ಲೋಹದ ಕಣ್ಣು) 400 ವೋಲ್ಟ್ ಇದೆ ಎಂದುಕೊಳ್ಳಿ. ಎರಡರ ನಡುವಿನ ಹಲಗೆ 400 ಮೆಗಾ ಓಮ್‌ಗೆ ಇಳಿದರೂ ಸಾಕು, ಗ್ರಿಡ್ ಮೇಲೆ ಸುಮಾರು 1 ವೋಲ್ಟ್ ಬಂದು ಕೂರುತ್ತದೆ. ಆ ಟ್ಯೂಬಿನ ಇಡೀ ಬಯಾಸ್ (ಟ್ಯೂಬಿನ ಕರೆಂಟನ್ನು ನಿಗದಿ ಮಾಡುವ ಗ್ರಿಡ್ ವೋಲ್ಟೇಜ್) ಇರುವುದೇ ಒಂದೂವರೆ ವೋಲ್ಟ್ ಆಸುಪಾಸು! ಮಾರ್ಷಲ್‌ನ ಹಳೆಯ ಟರೆಟ್ ಬೋರ್ಡ್, ವಾಕ್ಸ್ ಎಸಿ30ಯ ಟ್ಯಾಗ್ ಸ್ಟ್ರಿಪ್ ಇಷ್ಟು ಕಾಟ ಕೊಡುವುದಿಲ್ಲ, ಆದರೆ ಅವನ್ನೂ ಒಣಗಿಸದೆ ಹಚ್ಚಬೇಡಿ.

ಒಣಗಿಸುವುದು

ಆಂಪ್ ಅನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಿದರೆ ಬೆಚ್ಚಗಿರುತ್ತದೆ ಎಂಬ ಲೆಕ್ಕಾಚಾರ ಕೆಲವರದು. ಬೆಚ್ಚಗೇನೋ ಇರುತ್ತದೆ, ಆದರೆ ಅಲ್ಲಿನ ಇಲ್ಲಣ ಇಂಗಾಲ. ಅದು ಟ್ಯೂಬ್ ಸಾಕೆಟ್‌ನ ಪಿನ್‌ಗಳ ನಡುವೆ ಕೂತು ಪಸೆ ಸೇರಿದರೆ ಕರೆಂಟ್‌ಗೆ ದಾರಿಯಾಗುತ್ತದೆ. ಬಿಸಿಲಿಗೂ ಇಡಬೇಡಿ, ಟೋಲೆಕ್ಸ್ ಹೊದಿಕೆಯ ಅಂಟು ಬಿಡುತ್ತದೆ.

ಸರಿಯಾದ ದಾರಿ ಇದು. ಷಾಸಿಯನ್ನು (ಬಿಡಿಭಾಗಗಳೆಲ್ಲ ಕೂತಿರುವ ಲೋಹದ ಚೌಕಟ್ಟು) ಪೆಟ್ಟಿಗೆಯಿಂದ ಹೊರತೆಗೆದು, ಮುಂದಿನ ಭಾಗದಲ್ಲಿ ಹೇಳಿದಂತೆ ಮೊದಲು ಡಿಸ್ಚಾರ್ಜ್ ಮಾಡಿ, ಟ್ಯೂಬ್‌ಗಳನ್ನೆಲ್ಲ ಕಿತ್ತು, ಯಾವುದು ಎಲ್ಲಿಯದು ಎಂದು ಗುರುತು ಹಾಕಿ. ಒಳಗೆ ಕುಂಬಾರ ಹುಳದ ಮಣ್ಣಿನ ಗೂಡು, ಹಲ್ಲಿ ಮೊಟ್ಟೆ ಇದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಮಣ್ಣಿನ ಮೂಲಕವೂ ಕರೆಂಟ್ ಹರಿಯುತ್ತದೆ. ಆಮೇಲೆ ದೊಡ್ಡ ಮರದ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಷಾಸಿಯನ್ನಿಟ್ಟು, ಒಂದು ಮೂಲೆಯಲ್ಲಿ 40 ವ್ಯಾಟ್‌ನ ತಂತಿ ಬಲ್ಬ್ ಉರಿಸಿ. ಬಲ್ಬ್ ರಟ್ಟಿನಿಂದಲೂ ಷಾಸಿಯಿಂದಲೂ ಒಂದು ಗೇಣು ದೂರವಿರಲಿ, ಮೇಲೆ ಗಾಳಿಯಾಡಲು ಎರಡು ಬೆರಳಿನಷ್ಟು ಸಂದಿ ಬಿಡಿ. ಒಳಗೆ 40ರಿಂದ 45 ಡಿಗ್ರಿ ಸಾಕು. ಅದಕ್ಕಿಂತ ತುಂಬಾ ಏರಿದರೆ ಹಲಗೆಯ ಮೇಣ ಕರಗಲು ಶುರುವಾಗುತ್ತದೆ. ಮನೆಯಲ್ಲಿ ಜನ ಎಚ್ಚರವಿರುವ ಹೊತ್ತಿನಲ್ಲಿ ಮಾತ್ರ ಉರಿಸಿ. ಹೀಗೆ ಮೂರು ದಿನ. ಹೇರ್ ಡ್ರೈಯರ್‌ನಿಂದ ಅರ್ಧ ಗಂಟೆಯಲ್ಲಿ ಮುಗಿಸಿದರೆ ಮೇಲ್ಮೈ ಒಣಗಿರುತ್ತದೆ, ಒಳಗಿನ ಪಸೆ ಹಾಗೇ ಇದ್ದು ವಾರದಲ್ಲಿ ಮತ್ತೆ ಅದೇ ಪರಪರ.

ಶಾಕ್, ಅರ್ತ್, ಮೆಗ್ಗರ್

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400–500 ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ. ಸ್ಟ್ಯಾಂಡ್‌ಬೈ ಸ್ವಿಚ್ ಅನ್ನು ನುಡಿಸುವ ಸ್ಥಾನದಲ್ಲೇ ಬಿಡಿ. 100 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಎರಡು ಮೊಸಳೆ ಕ್ಲಿಪ್ ಹಾಕಿ, ಒಂದನ್ನು ಮೊದಲು ಷಾಸಿಗೆ, ಇನ್ನೊಂದನ್ನು ಆಮೇಲೆ ಕೆಪಾಸಿಟರ್‌ನ ಪಾಸಿಟಿವ್‌ಗೆ ಕಚ್ಚಿಸಿ ಒಂದು ನಿಮಿಷ ಬಿಡಿ. ನಂತರ ಮೀಟರ್‌ನಲ್ಲಿ 10 ವೋಲ್ಟ್‌ಗಿಂತ ಕಡಿಮೆ ಇದೆ ಎಂದು ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ನೇರ ಶಾರ್ಟ್ ಮಾಡಬೇಡಿ, ಕೆಪಾಸಿಟರೂ ಹಾಳು, ಕಣ್ಣಿಗೂ ಅಪಾಯ. ಬಾಸ್ ಗಿಟಾರ್ ನುಡಿಸುವವರ ಆಂಪೆಗ್ ಎಸ್‌ವಿಟಿಯಲ್ಲಿ ಇದೇ ವೋಲ್ಟೇಜ್ 700ರ ಹತ್ತಿರ ಇರುತ್ತದೆ. ಅದು ಕಲಿಯುವವರು ಕೈ ಇಡುವ ಯಂತ್ರವಲ್ಲ.

ಹಳೆಯ ಅಮೆರಿಕನ್ ಆಂಪ್‌ನಲ್ಲಿ ಎರಡು ಪಿನ್ನಿನ ವೈರ್ ಇದ್ದರೆ ಮೂರು ಪಿನ್ನಿನದಕ್ಕೆ ಬದಲಿಸಿ, ಅರ್ತ್ ತಂತಿಗೆ ಷಾಸಿಯಲ್ಲಿ ಬೇರೆಯೇ ಬೋಲ್ಟ್ ಕೊಡಿ. ಗ್ರೌಂಡ್ ಸ್ವಿಚ್‌ನಿಂದ ಷಾಸಿಗೆ ಹೋಗುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಕಿತ್ತೇಬಿಡಿ. ಅದು ಶಾರ್ಟ್ ಆದರೆ ಗಿಟಾರ್ ತಂತಿಯಲ್ಲೇ ಲೈನ್ ವೋಲ್ಟೇಜ್ ಇರುತ್ತದೆ. ಮನೆಯ ಅರ್ತ್ ಗುಂಡಿ ಜಂಬಿಟ್ಟಿಗೆ ನೆಲದಲ್ಲಿದ್ದರೆ ಬೇಸಿಗೆಯಲ್ಲಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ, ಅದಕ್ಕೆ ನೀರು ಹಾಕುವುದನ್ನು ಮರೆಯಬೇಡಿ.

ಟ್ರಾನ್ಸ್‌ಫಾರ್ಮರ್ ಪಸೆ ಹಿಡಿದಿದೆಯೇ ಎಂದು ನೋಡಲು ಸಾಮಾನ್ಯ ಮೀಟರ್ ಸಾಲದು. ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಮಾಡುವವರ ಬಳಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇರುತ್ತದೆ, ಅದೇ ಸಾಕು. ಟ್ಯೂಬ್‌ಗಳು ಹೊರಗಿರಲಿ, ಪವರ್ ಸ್ವಿಚ್ ಆನ್ ಸ್ಥಾನದಲ್ಲಿರಲಿ. ಪ್ಲಗ್‌ನ ಲೈನ್, ನ್ಯೂಟ್ರಲ್ ಎರಡನ್ನೂ ಕೂಡಿಸಿ ಅರ್ತ್ ಪಿನ್ನಿನೊಂದಿಗೆ ಅಳೆಯಿರಿ. 100 ಮೆಗಾ ಓಮ್ ದಾಟಿದರೆ ನಿಶ್ಚಿಂತೆ. 2ಕ್ಕಿಂತ ಕೆಳಗಿದ್ದರೆ ಇನ್ನೆರಡು ದಿನ ಬಲ್ಬ್ ಪೆಟ್ಟಿಗೆಯಲ್ಲಿಟ್ಟು ಮತ್ತೆ ನೋಡಿ, ಹಾಗೇ ಕರೆಂಟ್ ಕೊಡಬೇಡಿ.

ಸೀರೀಸ್ ಬೋರ್ಡ್‌ನಲ್ಲಿ ಮೊದಲ ಆನ್

ರೇಡಿಯೋ ರಿಪೇರಿಯವರ ಹಳೆಯ ಸೀರೀಸ್ ಬೋರ್ಡ್ ಇಲ್ಲಿ ಬೇಕೇಬೇಕು. ಲೈನ್ ತಂತಿಯನ್ನು ಬಲ್ಬ್ ಹೋಲ್ಡರ್ ಮೂಲಕ ಹಾಯಿಸಿ ಮೂರು ಪಿನ್ನಿನ ಸಾಕೆಟ್‌ಗೆ ಕೊಡುವುದು, ನ್ಯೂಟ್ರಲ್ ಮತ್ತು ಅರ್ತ್ ನೇರ, ಅಷ್ಟೇ. ಫೆಂಡರ್‌ನ ಟ್ವಿನ್ ರಿವರ್ಬ್‌ನಂಥ ದೊಡ್ಡ ಆಂಪ್‌ಗೆ 100 ವ್ಯಾಟ್, ಚಾಂಪ್‌ನಂಥ ಸಣ್ಣದಕ್ಕೆ 40 ಅಥವಾ 60 ವ್ಯಾಟ್ ತಂತಿ ಬಲ್ಬ್. ಎಲ್‌ಇಡಿ ಬಲ್ಬ್‌ನಿಂದ ಈ ಕೆಲಸ ಆಗದು. ಸ್ಪೀಕರ್ ಸಿಕ್ಕಿಸಿರಲೇಬೇಕು, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಟ್ಯೂಬ್ ಒಂದೂ ಇಲ್ಲದೆ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಹೆಚ್ಚುಕಡಿಮೆ ಆರಬೇಕು. ಪೂರ್ತಿ ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರ್, ಡಯೋಡ್ ಅಥವಾ ಫಿಲ್ಟರ್ ಕೆಪಾಸಿಟರ್‌ನಲ್ಲಿ ಶಾರ್ಟ್ ಇದೆ. ಆಮೇಲೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್ (ಇದ್ದರೆ), ನಂತರ ಪ್ರಿಆಂಪ್ ಟ್ಯೂಬ್‌ಗಳು, ಕೊನೆಗೆ ಪವರ್ ಟ್ಯೂಬ್‌ಗಳು. ಒಂದು ಮಾತು: ಸೀರೀಸ್ ಬಲ್ಬ್ ಶಾರ್ಟ್‌ನಿಂದ ಕಾಪಾಡುತ್ತದೆಯೇ ಹೊರತು ಹಳೆಯ ಕೆಪಾಸಿಟರ್‌ಗೆ ಜೀವ ತುಂಬುವುದಿಲ್ಲ. ಡಯೋಡ್ ರೆಕ್ಟಿಫೈಯರ್ ಇರುವ ಆಂಪ್‌ನಲ್ಲಿ ಟ್ಯೂಬ್ ಇಲ್ಲದಾಗ ಎಳೆಯುವ ಕರೆಂಟೇ ಕಡಿಮೆಯಾದ್ದರಿಂದ ಕೆಪಾಸಿಟರ್ ಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಬಂದಿರುತ್ತದೆ. 25 ವರ್ಷ ದಾಟಿದ, ಉಬ್ಬಿದ, ಬುಡದಲ್ಲಿ ಒಸರಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕುವಾಗ 450ರ ಬದಲು 500 ವೋಲ್ಟ್‌ನದನ್ನೇ ಕೇಳಿ. ಜಿಝಡ್34 ರೆಕ್ಟಿಫೈಯರ್‌ನ ಮುಂದಿನ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು. ಬಯಾಸ್ ಕೆಪಾಸಿಟರ್ ಹಾಕುವಾಗ ಎಡವುವವರು ಬಹಳ: ಅಲ್ಲಿರುವುದು ನೆಗೆಟಿವ್ ವೋಲ್ಟೇಜ್, ಹಾಗಾಗಿ ಪಾಸಿಟಿವ್ ಕಾಲು ಷಾಸಿಗೆ ಹೋಗಬೇಕು.

ಬೋರ್ಡ್ ಮತ್ತು ಬಯಾಸ್

ಈಗ ಮುಖ್ಯ ಪರೀಕ್ಷೆ. ಆಂಪ್ ಆನ್ ಇರಲಿ, ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ, ಕಪ್ಪು ತಂತಿಯನ್ನು ಷಾಸಿಗೆ ಕ್ಲಿಪ್ ಮಾಡಿ, ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಕೆಂಪು ಮೊನೆಯನ್ನು ಯಾವ ಐಲೆಟ್ಟಿಗೂ ತಾಗದಂತೆ ಬರೀ ಹಲಗೆಯ ಮೇಲೆ ಒತ್ತಿ. ಒಣ ಹಲಗೆ ಸೊನ್ನೆಯ ಹತ್ತಿರ ತೋರಿಸುತ್ತದೆ. 1 ವೋಲ್ಟ್ ದಾಟಿದರೆ ಅನುಮಾನ, ನಾಲ್ಕೈದು ವೋಲ್ಟ್ ಬಂದರೆ ಅನುಮಾನವೇ ಬೇಡ. ಡಿಸ್ಚಾರ್ಜ್ ಮಾಡಿ, ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮತ್ತೆರಡು ದಿನ ಒಣಗಿಸಿ. ಆಗಲೂ ಹೋಗದಿದ್ದರೆ ಗ್ರಿಡ್‌ಗೆ ಹೋಗುವ ತಂತಿಗಳನ್ನು ಐಲೆಟ್‌ನಿಂದ ಬಿಡಿಸಿ, ಹಲಗೆಗೆ ತಾಗದಂತೆ ಗಾಳಿಯಲ್ಲೇ ಬೆಸೆದು ಇನ್ಸುಲೇಶನ್ ಸ್ಲೀವ್ ಹಾಕಿ. ಅಂದಕ್ಕೆ ಕೊರತೆಯೇ ಸರಿ, ಆದರೆ ಮೂಲ ಹಲಗೆ ಉಳಿಯುತ್ತದೆ. ಹಲಗೆಯನ್ನೇ ಗ್ಲಾಸ್ ಎಪಾಕ್ಸಿಗೆ ಬದಲಿಸುವುದು ಕೊನೆಯ ದಾರಿ.

ಪವರ್ ಟ್ಯೂಬ್ ಕೆಂಪಾಗುವುದಕ್ಕೂ ಇದೇ ಕಾರಣ ಇರಬಹುದು. ಎರಡೂ 6ಎಲ್6 ಸಾಕೆಟ್‌ಗಳ 5ನೇ ಪಿನ್ನಿನಲ್ಲಿ, ಟ್ಯೂಬ್ ಕಿತ್ತ ಸ್ಥಿತಿಯಲ್ಲಿ, ನೆಗೆಟಿವ್ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ 1 ವೋಲ್ಟ್ ಒಳಗಿರಬೇಕು. ಒಂದರಲ್ಲಿ ಮೈನಸ್ 50, ಇನ್ನೊಂದರಲ್ಲಿ ಮೈನಸ್ 44 ಬಂದರೆ ಅಲ್ಲಿನ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಅಥವಾ ಅದರ ಕೆಳಗಿನ ಹಲಗೆ ಸೋರುತ್ತಿದೆ. ಕೆಪಾಸಿಟರ್‌ನ ಆ ಕಾಲನ್ನು ಬಿಡಿಸಿ ಮತ್ತೆ ಅಳೆದರೆ ಯಾವುದೆಂದು ಗೊತ್ತಾಗುತ್ತದೆ.

ಬಯಾಸ್ ಹೊಂದಿಸುವಾಗ ಸೀರೀಸ್ ಬಲ್ಬ್ ತೆಗೆದಿರಬೇಕು, ಇಲ್ಲದಿದ್ದರೆ ಎಲ್ಲ ಓದುವಿಕೆಯೂ ಕಡಿಮೆ ಬರುತ್ತದೆ. ಕ್ಯಾಥೋಡ್‌ನಲ್ಲಿ 1 ಓಮ್ ರೆಸಿಸ್ಟರ್ ಇದ್ದರೆ 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪ್. 6ಎಲ್6ಜಿಸಿಯ ಮಿತಿ 30 ವ್ಯಾಟ್, ಅದರ ಶೇ. 70 ಅಂದರೆ 21. ಪ್ಲೇಟ್‌ನಲ್ಲಿ 440 ವೋಲ್ಟ್ ಇದ್ದರೆ ಗರಿಷ್ಠ 47 ಮಿಲಿಆಂಪ್. ಲೈನ್ ಏರಿಳಿಯುವ ಊರಿನಲ್ಲಿ 38ರಿಂದ 40ಕ್ಕೆ ನಿಲ್ಲಿಸುವುದು ಕ್ಷೇಮ.

ಲೈನ್ ವೋಲ್ಟೇಜ್

230ಕ್ಕೆ ಲೆಕ್ಕ ಹಾಕಿದ 6.3 ವೋಲ್ಟ್ ಹೀಟರ್ (ಟ್ಯೂಬಿನೊಳಗೆ ಬಿಸಿಯಾಗುವ ತಂತಿ), ಲೈನ್ 190ಕ್ಕೆ ಇಳಿದರೆ 5.2ಕ್ಕೆ ಬರುತ್ತದೆ, 250ಕ್ಕೆ ಏರಿದರೆ 6.85ಕ್ಕೆ. 5.7ರಿಂದ 6.9ರ ಒಳಗಿರಬೇಕು. ಬ್ರಿಟಿಷ್ ಆಂಪ್‌ನಲ್ಲಿ 220, 240 ಎಂಬ ಆಯ್ಕೆ ಇದ್ದರೆ ರಾತ್ರಿ ಲೈನ್ ಅಳೆದು ನಿರ್ಧರಿಸಿ. 117 ವೋಲ್ಟ್‌ನ ಅಮೆರಿಕನ್ ಆಂಪ್‌ಗೆ 230ರಿಂದ 110ರ ಸ್ಟೆಪ್‌ಡೌನ್ ಒಳ್ಳೆಯದು: ಲೈನ್ 245 ಆದಾಗಲೂ 117 ಮಾತ್ರ ಬರುತ್ತದೆ. ಆಂಪ್‌ನೊಳಗಿನ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸ್‌ಗೆ ಮಾಡಿದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಅದಕ್ಕೂ ಈ ತಗ್ಗು ವೋಲ್ಟೇಜ್ ಅನುಕೂಲ. ಟ್ವಿನ್‌ಗೆ 500 ವಿಎ, ಚಾಂಪ್‌ಗೆ 100 ವಿಎ. ಅಂಗೈ ಅಗಲದ, ಹಗುರವಾದ, ಸಾವಿರಾರು ವ್ಯಾಟ್ ಎಂದು ಬರೆದ ಪ್ರವಾಸಿ ಕನ್ವರ್ಟರ್ ಬೇಡವೇ ಬೇಡ. ಸೀರೀಸ್ ಬೋರ್ಡ್ ಬಳಸುವಾಗ ಅದು ಸ್ಟೆಪ್‌ಡೌನ್‌ಗಿಂತ ಮೊದಲು, 230ರ ಬದಿಯಲ್ಲಿರಲಿ.

ಕರೆಂಟ್ ಹೋದಾಗ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಚ್ಚಬೇಡಿ. ಅದರ ತುದಿ ವೋಲ್ಟೇಜ್ ಸುಮಾರು 230, ಲೈನಿನದು 325. ಹೀಟರ್ ಸರಿಯಾಗೇ ಉರಿದರೂ ಪ್ಲೇಟ್ ವೋಲ್ಟೇಜ್ ಕುಸಿದು ಸ್ವರ ಸಪ್ಪೆಯಾಗುತ್ತದೆ, ಜೊತೆಗೆ ಗುಂಯ್ ಸದ್ದು. ಪ್ಯೂರ್ ಸೈನ್ ಆದರೆ ತೊಂದರೆಯಿಲ್ಲ.

ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ನುಡಿಸಿದರೆ ಒಳಗಿನ ಬಿಸಿಯೇ ಹಲಗೆಯನ್ನು ಒಣಗಿಸಿಡುತ್ತದೆ. ಗೋಡೆಯಿಂದ ಒಂದಡಿ, ನೆಲದಿಂದ ಒಂದು ಮಣೆಯಷ್ಟು ಎತ್ತರದಲ್ಲಿಡಿ. ಸ್ಪೀಕರ್ ಕಾಗದದ ಮೇಲೆ ಬೂಷ್ಟು ಕಂಡರೆ ಒಣ ಬ್ರಷ್ ಮಾತ್ರ, ಒದ್ದೆ ಬಟ್ಟೆ ಬೇಡ. ಗುಡುಗು ಕೇಳಿದ ಕೂಡಲೇ ಸ್ವಿಚ್ ಆರಿಸಿ ಸುಮ್ಮನಾಗದೆ ಪ್ಲಗ್ ಅನ್ನೇ ಕಿತ್ತಿಡಿ, ಪೆಡಲ್ ಅಡಾಪ್ಟರ್ ಇದ್ದರೆ ಅದನ್ನೂ.