ಕ್ವಯರ್ ಹಾಳೆಯಲ್ಲಿ ಕ್ಲೆಫ್ ಗುರುತಿಸುವುದು ಹೇಗೆ?

ಡಿಸೆಂಬರ್ ಹತ್ತಿರವಾದರೆ ಚಿಕ್ಕಮಗಳೂರಿನ ಚರ್ಚುಗಳಲ್ಲಿ ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಶುರು. ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬರುವವರಿಗೆ ಸಮಯ ಕಡಿಮೆ. ಹಾಳೆ ಸಿಕ್ಕಿದ ಕೂಡಲೇ ನೋಟ್ ಎಣಿಸಲು ಹೊರಡುತ್ತಾರೆ. ಸಾಲಿನ ಶುರುವಿನಲ್ಲಿರುವ ಕ್ಲೆಫ್, ಅಂದರೆ ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಗುರುತು, ನೋಡುವುದೇ ಇಲ್ಲ.

ಹಂತ 1: ಐದು ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ. ಗೆರೆಯೂ ಒಂದು ಸ್ವರ, ನಡುವಿನ ಜಾಗವೂ ಒಂದು ಸ್ವರ.

ಹಂತ 2: ಎತ್ತರದ ಸ್ವರಗಳಿಗೆ ಬಳಸುವ ಟ್ರೆಬಲ್ ಕ್ಲೆಫ್‌ನ ಸುರುಳಿ ಎರಡನೇ ಗೆರೆಯನ್ನು ಸುತ್ತುತ್ತದೆ. ಆ ಗೆರೆ ಜಿ (ಇಲ್ಲಿ ಸ್ವರಗಳ ಹೆಸರು ಎಯಿಂದ ಜಿವರೆಗಿನ ಇಂಗ್ಲಿಷ್ ಅಕ್ಷರಗಳು). ತಗ್ಗಿನ ಸ್ವರಗಳ ಬೇಸ್ ಕ್ಲೆಫ್‌ನ ಎರಡು ಚುಕ್ಕಿಗಳ ನಡುವಿನ ನಾಲ್ಕನೇ ಗೆರೆ ಎಫ್. ಅಲ್ಲಿಂದ ಹಿಂದೆ ಮುಂದೆ ಎಣಿಸಿದರೆ ಸಾಕು. ಗೆರೆಗಳ ಸ್ವರ ನೆನಪಿಡಲು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸುವ ಚಾರ್ಟ್‌ಗಳು ಸಿಗುತ್ತವೆ, ದುಡ್ಡು ದಂಡ. ಟ್ರೆಬಲ್‌ಗೆ ಒಂದು ವಾಕ್ಯ, ಬೇಸ್‌ಗೆ ಇನ್ನೊಂದು. ಹಾಡುವಾಗ ಎರಡೂ ಕಲಸಿಹೋಗುತ್ತವೆ.

ಕರ್ನಾಟಕ ಸಂಗೀತ ಕಲಿತವರು ಕ್ಲೆಫ್ ಅಂದರೆ ಶ್ರುತಿ ಅಂದುಕೊಳ್ಳುತ್ತಾರೆ. ಅಲ್ಲ. ಶ್ರುತಿಗೆ ಕ್ಲೆಫ್ ಪಕ್ಕದ ಶಾರ್ಪ್, ಫ್ಲಾಟ್ (ಸ್ವರ ಏರಿಸುವ, ಇಳಿಸುವ) ಗುರುತು ನೋಡಬೇಕು.

ಹಂತ 3: ಟೆನರ್. ಕ್ವಯರ್‌ನಲ್ಲಿ ಸೊಪ್ರಾನೊ, ಆಲ್ಟೊ ಹೆಂಗಸರ ಮೇಲಿನ, ಕೆಳಗಿನ ದನಿ; ಟೆನರ್, ಬೇಸ್ ಗಂಡಸರ ಮೇಲಿನ, ಕೆಳಗಿನ ದನಿ. ಜಾಸ್ತಿ ಎಡವಟ್ಟು ಇಲ್ಲೇ. ನಾಲ್ಕೂ ದನಿಗಳನ್ನು ಎರಡು ಸಾಲಿನಲ್ಲಿ ಅಚ್ಚು ಮಾಡಿದ್ದರೆ ಸೊಪ್ರಾನೊ, ಆಲ್ಟೊ ಮೇಲಿನ ಟ್ರೆಬಲ್‌ನಲ್ಲಿ. ಟೆನರ್, ಬೇಸ್ ಕೆಳಗಿನ ಬೇಸ್ ಕ್ಲೆಫ್‌ನಲ್ಲಿ. ನೋಟಿನ ಕಡ್ಡಿ ಮೇಲಕ್ಕಿದ್ದರೆ ಟೆನರ್, ಕೆಳಕ್ಕಿದ್ದರೆ ಬೇಸ್. ಆದರೆ ದನಿಗೊಂದರಂತೆ ನಾಲ್ಕು ಸಾಲಿನ ಹಾಳೆಯಲ್ಲಿ ಟೆನರ್‌ಗೂ ಟ್ರೆಬಲ್ ಕ್ಲೆಫೇ ಬರುತ್ತದೆ, ಬಾಲದಡಿ ಸಣ್ಣ 8 ಇರುತ್ತದೆ. ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಿ ಎಂದು ಅದರ ಅರ್ಥ. ಕೆಳಗಿನಿಂದ ಮೂರನೇ ಜಾಗದ ಸಿ ತೆಗೆದುಕೊಳ್ಳಿ. ಸೊಪ್ರಾನೊಗೆ ಅದು ಮೇಲಿನ ಸಿ. ಟೆನರ್‌ಗೆ ಕೀಬೋರ್ಡ್ ನಡುವಿನ ಮಿಡಲ್ ಸಿ. ಟ್ರೆಬಲ್ ಸಾಲಿನ ಕೆಳಗೆ ತುಂಡು ಗೆರೆಯಲ್ಲಿ ಬರೆಯುವುದೂ, ಬೇಸ್ ಸಾಲಿನ ಮೇಲೆ ತುಂಡು ಗೆರೆಯಲ್ಲಿ ಬರೆಯುವುದೂ ಇದೇ ಸಿ.

ಜೆರಾಕ್ಸ್‌ನ ಜೆರಾಕ್ಸ್ ತೆಗೆದರೆ ಆ ಪುಟ್ಟ 8 ಮಾಯ. ಕೆಲವರು ಅದನ್ನು ಅಚ್ಚು ಹಾಕುವುದೇ ಇಲ್ಲ. ಆಗ ಕೀಬೋರ್ಡಿನವರು ಬರೆದಲ್ಲೇ ನುಡಿಸುತ್ತಾರೆ, ಹುಡುಗರು ಗಂಟಲು ಹರಿದುಕೊಳ್ಳುತ್ತಾರೆ. ಟ್ರೆಬಲ್ ಸಾಲಿನ ಶುರುವಿನಲ್ಲಿ ಟೆನರ್ ಅಂತಿದ್ದರೆ 8 ಇದೆ ಅಂತಲೇ ಲೆಕ್ಕ. ಪೆನ್ಸಿಲ್‌ನಲ್ಲಿ ನೀವೇ ಬರೆದುಬಿಡಿ.

ಹಳೆಯ ಪುಸ್ತಕಗಳಲ್ಲಿ ಸಿ ಕ್ಲೆಫ್ ಕಾಣಬಹುದು. ಅದರ ನಡು ಯಾವ ಗೆರೆಗೆ ತಾಗುತ್ತದೋ ಅದೇ ಮಿಡಲ್ ಸಿ. ಹಾಡುವವರಿಗೆ ಈಗ ಅಪರೂಪ, ತಲೆ ಕೆಡಿಸಿಕೊಳ್ಳಬೇಡಿ.

ಪ್ರತಿ ನೋಟಿನ ಕೆಳಗೂ ಅಕ್ಷರ ಬರೆದುಕೊಳ್ಳುವ ಚಟ ಮಾತ್ರ ಬೇಡ. ಕಣ್ಣು ಅಕ್ಷರ ಓದುತ್ತದೆ, ನೋಟ್ ಬಿಡುತ್ತದೆ. ಮಿಡಲ್ ಸಿ ಇರುವಲ್ಲಿ ಒಂದು ಸುತ್ತು ಹಾಕಿಕೊಳ್ಳಿ ಸಾಕು.