ಫೋರ್ಟ್ರಾನ್ ಸ್ಲೋ ಅಂತ ಡಂಗುರ ಸಾರಿ ಮಿಸಳ್ ಕೊಡಿಸಿದ್ದು

ನಮ್ಮೂರು ಹುಬ್ಬಳ್ಳಿ, ಕೆಲಸ ಪುಣೆದ ಹಿಂಜವಡಿ, ರೂಮು ಕೋಥರೂಡದಾಗ. ರೂಮ್‌ಮೇಟ್ ಬೆಳಗಾವಿಯಾಂವ, ಪೈಥಾನ್ ಅನ್ನೂ ಪ್ರೋಗ್ರಾಮಿಂಗ್ ಭಾಷಾ ಸ್ಲೋ ಅಂತ ದಿನಾ ಬೈತಿದ್ದ, ಹಂಗಾದ್ರ ಯಾವ ಭಾಷಾ ಜೋರು ಓಡತೈತಿ ಅಳದ ನೋಡೇಬಿಡೂಣು ಅಂತ ಒಂದ್ ಶನಿವಾರ ಕೂತ್ವಿ, ಸೋತಾಂವ ಮಿಸಳ್ (ಪಾವ್ ಜೋಡಿ ತಿನ್ನೂ ಖಾರದ ಕಾಳಿನ ತಿಂಡಿ) ಕೊಡಿಸಬೇಕು.

ಮೊದಲ ಪೈ ಲೆಕ್ಕ, 1 − 1/3 + 1/5 ಅಂತ ಹೋಗೂ ಸರಣಿ, 10 ಕೋಟಿ ಪದ. ಸಿ ಭಾಷಾದಾಗ ಬರದು ಆಪ್ಟಿಮೈಸೇಶನ್ (ಕೋಡನ್ನ ಚುರುಕು ಮಾಡೂ ಆಯ್ಕೆ) ಹಚ್ಚಿ ಓಡಿಸಿದ್ರ ಸೊನ್ನೆ ಸೆಕೆಂಡ್! ಇಬ್ರೂ ಕುಣದಾಡಿದ್ವಿ. ಆಮ್ಯಾಲ ನೋಡಿದ್ರ ನಾ ಉತ್ತರ ಪ್ರಿಂಟೇ ಮಾಡಿದ್ದಿಲ್ಲ, ಯಾರಿಗೂ ಬ್ಯಾಡಾದ ಲೆಕ್ಕ ಅಂತ ಕಂಪೈಲರ್ (ಕೋಡನ್ನ ಯಂತ್ರದ ಭಾಷಾಕ್ಕ ತಿರುಗಿಸೂ ಸಾಫ್ಟ್‌ವೇರ್) ಇಡೀ ಲೂಪನ್ನ, ಅಂದ್ರ ಮತ್ತ ಮತ್ತ ಓಡೂ ಭಾಗನ, ತಗದ ಒಗದಿತ್ತು.

ಮುಂದ ಮ್ಯಾಟ್ರಿಕ್ಸ್ ಗುಣಾಕಾರ, 1000 × 1000, ಅಂದ್ರ 100 ಕೋಟಿ ಗುಣಾಕಾರ, ಹೆಚ್ಚುಕಮ್ಮಿ ಅಷ್ಟ ಕೂಡಿಸೋದು. ಬರೇ ಪೈಥಾನ್ ಲೂಪ್ ಹಚ್ಚಿ ಚಹಾಕ್ಕ ಇಟ್ವಿ, ಚಹಾ ಕುದ್ದು ಸೋಸಿದ್ರೂ ಅದರದು ಮುಗೀವಲ್ದು. ಅದ ಲೆಕ್ಕ ಪೈಥಾನಿನ ನಂಪೈ ಲೈಬ್ರರಿಗೆ ಕೊಟ್ರ ಕಣ್ಣ ಮುಚ್ಚಿ ತಗಿಯೂದ್ರಾಗ ಉತ್ತರ, ನಾ ಬರದ ಸಿ ಕಿಂತ ಮುಂದ! "ಅದು ಪೈಥಾನ್ ಅಲ್ಲಲೇ, ಒಳಗ ಓಪನ್‌ಬ್ಲಾಸ್ ಅನ್ನೂ ಲೆಕ್ಕದ ಲೈಬ್ರರಿ ಐತಿ, ಸಿ ಮತ್ತ ಅಸೆಂಬ್ಲಿ (ಯಂತ್ರಕ್ಕ ಹತ್ರದ ಭಾಷಾ) ಒಳಗ ಬರದದ್ದು" ಅಂತ ರೂಮ್‌ಮೇಟ್ ಜಗಳಕ್ಕ ಬಿದ್ದ. ಖರೇನ ಅದು, ಆದ್ರ ಸೋಲು ಒಪ್ಪಾಕ ಯಾರ್ ತಯಾರಿದ್ರು.

ಸಿ ಒಳಗಿಂದು ಲೂಪಿನ ಕ್ರಮದ ತಪ್ಪು. ಒಂದರೊಳಗೊಂದು ಮೂರು ಲೂಪ್, ಹೊರಗಿಂದ ಒಳಗ ಐ-ಜೆ-ಕೆ (ಐ ಅಡ್ಡಸಾಲಿಗೆ, ಜೆ ಕಂಬಸಾಲಿಗೆ, ಕೆ ಕೂಡಿಸೂದಕ್ಕ) ಅಂತ ಬರದಿದ್ದೆ, ಎರಡನೇ ಮ್ಯಾಟ್ರಿಕ್ಸಿನಾಗ ಕಂಬಸಾಲು (ಕಾಲಮ್) ಇಳೀಬೇಕಾದ್ರ ಒಂದೊಂದ್ ಹೆಜ್ಜಿಗೂ 8000 ಬೈಟ್ ಜಿಗಿತ, ಕ್ಯಾಶ್ (ಪ್ರೊಸೆಸರ್ ಹತ್ರದ ಸಣ್ಣ ಜೋರು ಮೆಮೊರಿ) ಪ್ರತಿ ಸಲ 64 ಬೈಟ್ ಹೊತ್ಕೊಂಡ್ ಬಂದು ಅದ್ರಾಗ 8 ಅಷ್ಟ ಬಳಸೋದು, ಮಂಡಕ್ಕಿ ಚೀಲ ಬಿಚ್ಚಿ ಒಂದ ಕಾಳು ತಿಂದಂಗ. ಐ-ಕೆ-ಜೆ ಮಾಡಿದ್ನಿ, ಒಂದ ಸಾಲು ಅದಲಿಬದಲಿ, ಓಟ ಹಿಡೀತು.

ಇದ ಹುರುಪಿನಾಗ ಅದ ಕ್ರಮ ಫೋರ್ಟ್ರಾನ್ ಅನ್ನೂ ಹಳೇ ಭಾಷಾಕ್ಕೂ ಕಾಪಿ ಹೊಡದ್ನಿ. ಸಿಕ್ಕಾಪಟ್ಟೆ ಸ್ಲೋ. ಸೋಮವಾರ ಆಫೀಸಿನಾಗ ಎಲ್ಲಾರ ಮುಂದ "1957ರ ಭಾಷಾ, ಮುದುಕ ಆಗೇತಿ" ಅಂದೆ. ಹವಾಮಾನದ ಕೋಡ್ ಬರದು ಪಳಗಿದ ಹಿರಿಯರೊಬ್ರು ನಕ್ಕು, "ಫೋರ್ಟ್ರಾನ್ ಕಂಬಸಾಲಿನ ಪ್ರಕಾರ ಇಡ್ತದ ತಮ್ಮಾ, ಸಿ ಅಡ್ಡಸಾಲಿನ ಪ್ರಕಾರ, ನೀ ಉಲ್ಟಾ ತಿರುಗಿಸೀದಿ" ಅಂದ್ರು. 1991ರಾಗ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿದ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಇರೂ ಊರಾಗ ಇಂಥಾ ಮಾತಾಡಿದ್ನಲ್ಲಾ ಅಂತ ನಾಚಿಕಿ ಬಂತು.

ರಾತ್ರಿ ಜೆ-ಕೆ-ಐ ಮಾಡಿ ಓಡಿಸಿದೆ. ಏಪ್ರಿಲ್ ಸೆಕಿ, ಲ್ಯಾಪ್‌ಟಾಪ್ ಕಾದು ತಾನ ನಿಧಾನ ಆಗತಿತ್ತು, ಅದಕ್ಕ ನಸುಕಿನಾಗ ಎದ್ದು ಐದೈದು ಸಲ ಓಡಿಸಿ ಕಡಿಮಿ ಬಂದದ್ದನ್ನ ಬರಕೊಂಡೆ. ಸಿ, ಫೋರ್ಟ್ರಾನ್ ಹೆಗಲಿಗೆ ಹೆಗಲು. ಜೂಲಿಯಾ ಅನ್ನೂ ಭಾಷಾನೂ ಹತ್ರ ಬಂತು, ಮೊದಲನೇ ಸಲ ಕಂಪೈಲ್ ಆಗೂ ಟೈಮ್ ಬಿಟ್ಟು ಅಳದ್ರ. ಮಿಸಳ್ ನಾನ ಕೊಡಿಸಿದ್ನಿ, ಆ ಹಿರಿಯರಿಗೂ ಸೇರಿಸಿ, ಅವ್ರು ಎರಡು ಪಾವ್ ಹೆಚ್ಚಿಗೇನ ತಿಂದ್ರು.