‘ಹರಿ’ ಎಂಬ ಹೆಸರಿನ ಅರ್ಥ ಬಿಡಿಸುವ ಬಗೆ

ಮೊದಲು ಭಾಷೆ ಗೊತ್ತುಮಾಡಿಕೊಳ್ಳಿ. ‘ನೀರು ಹರಿ’, ‘ಬಟ್ಟೆ ಹರಿ’ ಎನ್ನುವುದು ಕನ್ನಡದ ಕ್ರಿಯಾಪದ. ಹಳಗನ್ನಡದಲ್ಲಿ ಅದು ‘ಪರಿ’, ಪಕಾರ ಆಮೇಲೆ ಹಕಾರವಾಯಿತು. ವ್ಯಕ್ತಿನಾಮದ ‘ಹರಿ’ ಸಂಸ್ಕೃತದ್ದು, ಅಲ್ಲಿ ಮೊದಲಿಂದಲೂ ಹಕಾರವೇ. ಇವೆರಡನ್ನೂ ಬೆರೆಸಿ ‘ಹರಿ ಎಂದರೆ ಹರಿಯುವವನು’ ಎಂದರೆ ಅರ್ಥ ಕೆಟ್ಟಿತು.

ಆಮೇಲೆ ಬಣ್ಣ ಹಿಡಿಯಿರಿ. ಸಂಸ್ಕೃತದಲ್ಲಿ ಹರಿ ಎಂದರೆ ಹೊಂಬಣ್ಣ, ಕಂದುಹಳದಿ, ಹಸಿರು. ಸಂಸ್ಕೃತದ ಹಳೆಯ ನಿಘಂಟು ಅಮರಕೋಶ 13 ಅರ್ಥ ಕೊಡುತ್ತದೆ: ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ, ಜೊತೆಗೆ ಕಪಿಲವರ್ಣ, ಅಂದರೆ ಕಂದುಹಳದಿ. ಗಿಳಿಯೂ ಸಿಂಹವೂ ಒಂದೇ ಹೆಸರಿನಡಿ ಬಂದದ್ದು ಬಣ್ಣದ ದೆಸೆಯಿಂದ. ‘ಪಾಪ ಹರಣ ಮಾಡುವವನು’ ಎಂಬುದು ‘ಹೃ’ ಧಾತುವಿನಿಂದ ಹೇಳುವ ಸಾಂಪ್ರದಾಯಿಕ ನಿರ್ವಚನ, ಅಂದರೆ ಪದ ಬಿಡಿಸಿ ಹೇಳುವ ಅರ್ಥ. ಮಗುವಿನ ಹೆಸರಿಗೆ ಅದು ಸೊಗಸಾಗಿಯೇ ಒಪ್ಪುತ್ತದೆ, ಆದರೆ ಬಣ್ಣದ ಅರ್ಥದೊಂದಿಗೆ ಬೆರೆಸದೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

ಸಮಾಸದಲ್ಲಿ ಎರಡನೆಯ ಪದ ನೋಡದೆ ಅರ್ಥ ಹೇಳಬೇಡಿ. ಹರ್ಯಶ್ವ ಎಂದರೆ ಹೊಂಬಣ್ಣದ ಕುದುರೆಗಳ ಇಂದ್ರ. ರಾಮಾಯಣದ ಹರೀಶ ಕಪಿಗಳ ಒಡೆಯ ಸುಗ್ರೀವ. ‘ಹರಿಹರ’ದಲ್ಲಿ ಮಾತ್ರ ಅನುಮಾನವಿಲ್ಲ, ಹರ ಎಂದರೆ ಶಿವ, ಹರಿ ಎಂದರೆ ವಿಷ್ಣುವೇ. ‘ಹರಿಶ್ಚಂದ್ರ’ವನ್ನು ಹರಿ, ಚಂದ್ರ ಎಂದು ಒಡೆದರೆ ನಡುವಿನ ‘ಶ್’ ಅನಾಥವಾಗುತ್ತದೆ. ಅದು ‘ಹೊಳೆಯುವ’ ಎಂಬರ್ಥದ ವೈದಿಕ ‘ಶ್ಚಂದ್ರ’. ಹೊನ್ನಿನಂತೆ ಹೊಳೆಯುವವನು ಎಂದರ್ಥ.

ಇಂಗ್ಲಿಷಿನ ಹ್ಯಾರಿಗೂ ಇದಕ್ಕೂ ನಂಟಿಲ್ಲ. ಅದು ಹೆನ್ರಿಯ ಬಳಕೆಯ ರೂಪ.